‘ಗೊತ್ತಿರಲಿಲ್ಲ’ ಅಂದರೆ ನಡೆಯುವುದಿಲ್ಲ

ಬ್ಯಾಡಗಿ ಪೇಟೆಯಿಂದ ಮೆಣಸಿನಕಾಯಿ ತಂದು, ಗಿರಣಿಯಲ್ಲಿ ಪುಡಿ ಮಾಡಿಸಿ, ಪಾಕೀಟು ಕಟ್ಟಿ ಮಾರುವ ತಾಯಂದಿರೇ, ಹಾವೇರಿ–ರಾಣೆಬೆನ್ನೂರಿನ ಕಿರಾಣಿ ಅಂಗಡಿಯವರೇ, ನಿಮಗೊಂದು ಮಾತು. ನಿಮ್ಮ ಮನಸ್ಸು ಚೊಕ್ಕಟ, ಅದು ನನಗೆ ಗೊತ್ತು. ಆದರೆ ಕಾನೂನು ಈಗ ಎಲ್ಲ ಸಲವೂ ಮನಸ್ಸು ನೋಡುವುದಿಲ್ಲ.

ಹಿಂದೆ ನೋಡಿದ್ದುಂಟು. ಮಧ್ಯಪ್ರದೇಶದ ಕಾಳಿನ ವ್ಯಾಪಾರಿ ನಾಥೂಲಾಲ್ ಲೈಸೆನ್ಸಿಗೆ ಅರ್ಜಿ ಹಾಕಿ, ಶುಲ್ಕ ಕಟ್ಟಿ, ಸಿಕ್ಕೇ ಸಿಗುತ್ತದೆಂದು ನಂಬಿ ಗೋಧಿ ದಾಸ್ತಾನು ಮಾಡಿದ್ದರು. ಕೇಸು ಬಿತ್ತು. ದುರುದ್ದೇಶವಿಲ್ಲದ ಮೇಲೆ ಅಪರಾಧವೂ ಇಲ್ಲವೆಂದು 1965ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಬಿಟ್ಟಿತು. ಎರಡೇ ವರ್ಷಕ್ಕೆ ಅಗತ್ಯ ವಸ್ತುಗಳ ಕಾಯ್ದೆಗೆ ತಿದ್ದುಪಡಿ ಬಂತು: ತಿಳಿದು ಮಾಡಿದರೂ ತಪ್ಪು, ತಿಳಿಯದೆ ಮಾಡಿದರೂ ತಪ್ಪು. 1974ರಲ್ಲಿ ಅದನ್ನು ತೆಗೆದರು ನಿಜ, ಆದರೆ ದುರುದ್ದೇಶ ಇರಲಿಲ್ಲವೆಂದು ಸಾಬೀತು ಮಾಡುವ ಹೊರೆಯನ್ನು ಆರೋಪಿಯ ಹೆಗಲಿಗೇ ಹಾಕಿದರು.

2006ರ ಆಹಾರ ಸುರಕ್ಷತಾ ಕಾಯ್ದೆ ಇನ್ನೂ ಬಿಗಿ. ‘ಶುದ್ಧ ಎಂದೇ ನಂಬಿದ್ದೆ’ ಎಂದರೆ 80ನೇ ಕಲಂ ಒಪ್ಪುವುದಿಲ್ಲ. ಮಾಡಬೇಕಾದ ಜಾಗ್ರತೆಯನ್ನೆಲ್ಲ ಮಾಡಿದ್ದೆ ಎಂದು ತೋರಿಸಿದರೆ ಮಾತ್ರ ಅದೇ ಕಲಂ ನಿಮ್ಮನ್ನು ಕಾಯುತ್ತದೆ. ತೋರಿಸಲು ಕಾಗದ ಬೇಕು.

ಅದಕ್ಕೇ ಹೇಳುವುದು, ಬಿಲ್ಲಿಲ್ಲದ ಮಾಲು ಮುಟ್ಟಬೇಡಿ. ‘ಪರಿಚಯದವರೇ ಕೊಟ್ಟಿದ್ದು’ ಎಂದು ಚೀಟಿ ಹರಿದು ಒಗೆಯುತ್ತೀರಲ್ಲ, ಆ ಚಾಳಿ ಬಿಡಿ. ಪುಡಿ ಕೊಳ್ಳುವಾಗ ಬಿಲ್ಲಿನಲ್ಲೇ ಶುದ್ಧತೆಯ ಖಾತರಿ ಬರೆಸಿಕೊಳ್ಳಿ. ಯಾರಿಂದ, ಯಾವತ್ತು, ಎಷ್ಟು ಚೀಲ ಎಂಬುದು ವಹಿಯಲ್ಲಿರಲಿ. ಎಷ್ಟೇ ಸಣ್ಣ ವ್ಯಾಪಾರವಾದರೂ ಆಹಾರ ಸುರಕ್ಷತಾ ಕಾಯ್ದೆಯಡಿ ನೋಂದಣಿ ಮಾಡಿಸಿ. ‘ಅರ್ಜಿ ಹಾಕೀನಿ’ ಎಂದು ಕೂರಬೇಡಿ, ಇದು ನಾಥೂಲಾಲರ ಕಾಲವಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ, ಕೆಂಪಗಿರುವುದೆಲ್ಲ ಬ್ಯಾಡಗಿಯಲ್ಲ. ಅತಿ ಅಗ್ಗಕ್ಕೆ ಅತಿ ಕೆಂಪು ಪುಡಿ ಸಿಕ್ಕರೆ ಬಣ್ಣ ಬೆರೆಸಿರಬಹುದು, ಪರೀಕ್ಷೆ ಮಾಡಿಸದೆ ಮಾರಬೇಡಿ. ಬೇರೆ ಕಾಯಿ ಬೆರೆಸಿ ‘ಬ್ಯಾಡಗಿ’ ಎಂದು ಚೀಟಿ ಅಂಟಿಸಲೇಬೇಡಿ. 2011ರಿಂದ ಆ ಹೆಸರಿಗೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಇದೆ.

ಅಧಿಕಾರಿ ಬಂದರೆ ಹೆದರಿ ಮಾಲು ಬಚ್ಚಿಡಬೇಡಿ, ಓದದೆ ಸಹಿ ಹಾಕಬೇಡಿ. ಮಾದರಿಯನ್ನು ನಾಲ್ಕು ಭಾಗ ಮಾಡುತ್ತಾರೆ. ಒಂದು ಭಾಗವನ್ನು ಮಾನ್ಯತೆ ಪಡೆದ ಬೇರೆ ಪ್ರಯೋಗಾಲಯಕ್ಕೆ ಕಳಿಸಿ ಎಂದು ಕೇಳುವ ಹಕ್ಕು ನಿಮಗಿದೆ, ಬಾಯಿಬಿಟ್ಟು ಕೇಳಿ. ವರದಿ ವಿರುದ್ಧವಾಗಿ ಬಂದರೆ 30 ದಿನದೊಳಗೆ ಮೇಲ್ಮನವಿ ಹಾಕಿ. ಸಂಕಟ ಬಂದಾಗ ವೆಂಕಟರಮಣ ಎಂದರೆ ಗಡುವು ನಿಲ್ಲುವುದಿಲ್ಲ.

ಮೋಸ ಮಾಡಿದವನನ್ನೂ ಮೋಸ ಹೋದವನನ್ನೂ ಒಂದೇ ಕಟಕಟೆಯಲ್ಲಿ ನಿಲ್ಲಿಸುವುದು ನ್ಯಾಯವಲ್ಲ. 2023ರ ಜನ ವಿಶ್ವಾಸ ಕಾಯ್ದೆ 42 ಕಾನೂನುಗಳನ್ನು ತಿದ್ದಿ, ಹಲವು ಸಣ್ಣ ತಪ್ಪುಗಳಿಗೆ ಜೈಲು ತಪ್ಪಿಸಿದೆ. ಅಷ್ಟು ಸಾಲದು. ನಿಮ್ಮ ವರ್ತಕರ ಸಂಘ, ಸ್ತ್ರೀಶಕ್ತಿ ಸಂಘಗಳಿಂದ ಸಂಸದರಿಗೆ ಬರೆಯಿರಿ. ಕಾನೂನು ಬದಲಾಗುವವರೆಗೆ ಇವತ್ತಿನ ಬಿಲ್ಲು ಇವತ್ತೇ ಫೈಲಿಗೆ ಹೋಗಲಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಮಾತು ನಿಮಗೆ ಬರದಿರಲಿ.