ಡೊಮಿಸೈಲ್ ಅಂದ್ರೆ ಯಾವೂರು?

ಸಿಇಟಿ ಅರ್ಜಿಯ ದಿನಗಳು ಬಂದವೆಂದರೆ ಕಾನಹೊಸಹಳ್ಳಿಯ ಜೆರಾಕ್ಸ್ ಅಂಗಡಿಗಳಲ್ಲಿ ಒಂದು ಇಂಗ್ಲಿಷ್ ಪದ ಹತ್ತಾರು ವೇಷದಲ್ಲಿ ಓಡಾಡುತ್ತದೆ. ಡೊಮಿಸೈಲ್, ಡೋಮಿಸಲ್, ಡಮಿಸಿಲ್. ಒಬ್ಬಜ್ಜಿ ಅದನ್ನು ‘ಡಾಮಸಾಲು’ ಮಾಡಿಕೊಂಡು ಬಂದಿದ್ದಳು. ನಾನು ಸಂಜೆ ಹೊತ್ತು ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳುವವನು, ಹಗಲು ಭಾವನ ಅಂಗಡಿಯಲ್ಲಿ ಕೂತು ಆನ್‌ಲೈನ್ ಅರ್ಜಿ ತುಂಬುವವನು. ಈ ಪದದ ಅರ್ಥವನ್ನು ನಾನು ಕಲಿತದ್ದು ಎರಡನೆಯ ಕೆಲಸದಿಂದ.

ನಿಘಂಟು ತೆಗೆದರೆ ‘ವಾಸಸ್ಥಳ, ನಿವಾಸ, ಮನೆ’ ಎಂದಿರುತ್ತದೆ. ರೆಸಿಡೆನ್ಸ್ ಹುಡುಕಿದರೂ ಹೆಚ್ಚುಕಡಿಮೆ ಅದೇ ಸಾಲು. ಇದು ನಿಘಂಟಿನ ತಪ್ಪಲ್ಲ. ಅಂದಹಾಗೆ ಇಂಗ್ಲಿಷ್-ಕನ್ನಡ ನಿಘಂಟಿಗೂ ನಮ್ಮ ಸೀಮೆಗೂ ಹಳೆಯ ನಂಟಿದೆ. 1824ರಲ್ಲಿ ಮದರಾಸಿನಲ್ಲಿ ಅಚ್ಚಾದ ಇಂಗ್ಲಿಷ್-ಕರ್ನಾಟಕ ನಿಘಂಟನ್ನು ಮಾಡಿದ ವಿಲಿಯಂ ರೀವ್, ಬಳ್ಳಾರಿಯ ಲಂಡನ್ ಮಿಷನ್ನಿನಲ್ಲಿದ್ದ ಪಾದ್ರಿ. ಆಗಿನಿಂದಲೂ ನಮಗೆ ಪದಕ್ಕೆ ಪದ ಸಿಗುತ್ತಲೇ ಬಂದಿದೆ. ಒಂದೇ ಅರ್ಥ ಬರೆದುಕೊಂಡು ಪಕ್ಕಪಕ್ಕ ಕೂತ ಎರಡು ಪದಗಳನ್ನು ಬೇರೆ ಮಾಡುವ ಕೆಲಸ ಮಾತ್ರ ಓದುವವನ ಪಾಲಿಗೇ ಉಳಿಯುತ್ತದೆ. ನಮ್ಮ ಪರೀಕ್ಷೆಗಳೋ, ಸಮಾನಾರ್ಥಕ ಪದ ಬರೆಯಿರಿ ಎಂದು ಒಂದು ಅಂಕ ಕೊಟ್ಟು ಕೈತೊಳೆದುಕೊಳ್ಳುತ್ತವೆ.

ನನಗೆ ಎರಡೂ ಬೇರೆಯಾದದ್ದು ಗುಳೆಯಿಂದ. ಮಳೆ ಕೈಕೊಟ್ಟ ವರ್ಷ ಕೂಡ್ಲಿಗಿ ಸೀಮೆಯ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಬೆಂಗಳೂರಿನ ಗಾರೆ ಕೆಲಸಕ್ಕೆ ಒಂದಷ್ಟು ಜನ, ಮಲೆನಾಡಿನ ಕಾಫಿ ತೋಟಗಳಿಗೆ ಒಂದಷ್ಟು ಜನ. ಮಕ್ಕಳು ಅಲ್ಲೊಂದು ವರ್ಷ, ಇಲ್ಲೊಂದು ವರ್ಷ ಓದುತ್ತಾರೆ. ಅಂಥ ಮನೆಯ ಹುಡುಗನೊಬ್ಬನ ಅರ್ಜಿ ತುಂಬುವಾಗ, ವಾಸ ಎಲ್ಲಿ ಎಂದು ಬರೆಯಲಿ ಅಂತ ಅವನಜ್ಜನನ್ನು ಕೇಳಿದೆ. ಅಜ್ಜ ರೇಗಿದ. “ಬೆಂಗಳೂರಾಗ ಎಷ್ಟೊರ್ಸ ದುಡುದ್ರೇನಪಾ, ದುಡಿಯಾಕ ಹೋದ ಊರು ಊರಾಗ್ತೈತೇನು? ಕೊಟ್ರಬಸಪ್ಪನ ತೇರಿಗೆ ಎಲ್ಲಿಗೆ ಓಡಿ ಬರ್ತೀವೋ ಅದು ನಮ್ಮೂರು.”

ಮುಂದೆ ಕುತೂಹಲಕ್ಕೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ತೆರೆದೆ. ಡೊಮಿಸೈಲ್ ಬಗ್ಗೆ ಅದರಲ್ಲಿ ಒಂದು ಅಧ್ಯಾಯವೇ ಇದೆ. ದೇಶ ದೇಶಗಳ ನಡುವೆ ಬದುಕು ಬದಲಿಸಿದವರ ಆಸ್ತಿಗಾಗಿ ಬರೆದದ್ದು ಅದು, ಗುಳೆ ಹೋಗುವವರಿಗಲ್ಲ. ಆದರೂ ಓದುತ್ತ ಹೋದರೆ ಅಜ್ಜನೇ ಮಾತಾಡಿದಂತಿದೆ. ಹುಟ್ಟುತ್ತಲೇ ಒಂದು ಡೊಮಿಸೈಲ್ ಬರುತ್ತದೆ. ಇನ್ನೊಂದನ್ನು ಗಳಿಸುವ ತನಕ ಅದು ಬಿಡದು. ಚರ ಆಸ್ತಿಯ ವಾರಸುದಾರಿಕೆಗೆ ಒಬ್ಬ ಮನುಷ್ಯನಿಗೆ ಒಂದೇ ಡೊಮಿಸೈಲ್. ನೌಕರಿಗೋ ಕಸುಬಿಗೋ ಒಂದು ಕಡೆ ಇದ್ದ ಮಾತ್ರಕ್ಕೆ ಅಲ್ಲಿ ನೆಲೆಯಾದ ಎನ್ನುವಂತಿಲ್ಲ. ಮೈ ಇರುವ ಜಾಗ ರೆಸಿಡೆನ್ಸ್. ಇಲ್ಲೇ ಇರುತ್ತೇನೆ, ಇಲ್ಲಿಗೇ ಬರುತ್ತೇನೆ ಎಂಬ ಇರಾದೆಯೂ ಸೇರಿದ್ದು ಡೊಮಿಸೈಲ್. ‘ನೆಲೆ’ ಎಂಬ ನಮ್ಮ ಮಾತು ಇದಕ್ಕೆ ಹತ್ತಿರ. ಆದರೆ ಯಾವ ಅರ್ಜಿಯಲ್ಲೂ ಅದನ್ನು ನಾನು ಕಂಡಿಲ್ಲ.

ಇಲ್ಲಿಗೆ ಮುಗಿಯಿತೆಂದುಕೊಂಡರೆ ಕೆಟ್ಟೆವು. ನಮ್ಮ ಜನ ಈ ಪದ ಹಿಡಿದುಕೊಂಡು ಬರುವುದು ಉತ್ತರಾಧಿಕಾರಕ್ಕಲ್ಲ, ‘ಹೈ-ಕ ಸರ್ಟಿಫಿಕೇಟಿ’ಗೆ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371ಜೆ ವಿಧಿಯಲ್ಲಿ, ಹುಟ್ಟಿನಿಂದ ಅಥವಾ ಡೊಮಿಸೈಲ್‌ನಿಂದ ಹೈದರಾಬಾದ್-ಕರ್ನಾಟಕ ಪ್ರದೇಶಕ್ಕೆ ಸೇರಿದವರಿಗೆ ಸೀಟು ಮತ್ತು ನೌಕರಿಗಳಲ್ಲಿ ಪಾಲು ಎಂದಿದೆ. ಆ ‘ಅಥವಾ’ ದೊಡ್ಡದು. ಗುಳೆ ಹೋದಲ್ಲೇ ಹೆರಿಗೆಯಾದ ಮಗುವಿನ ಕೈಗೆ ಹುಟ್ಟಿನ ದಾಖಲೆ ಸಿಗುವುದು ಬೇರೆ ಜಿಲ್ಲೆಯದು. ಅಂಥವರಿಗೆ ಈ ಎರಡನೆಯ ಬಾಗಿಲೇ ಗತಿ. ಬಾಗಿಲ ಆಚೆ ಏನಿದೆ ಎಂದರೆ, ಪ್ರದೇಶದೊಳಗಿನ ಕಾಲೇಜುಗಳಲ್ಲಿ ಶೇ. 70 ಸೀಟು, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8. ಪ್ರದೇಶದ ನೌಕರಿಗಳಲ್ಲಿ ಸಿ ದರ್ಜೆಗೆ ಶೇ. 80, ಡಿ ದರ್ಜೆಗೆ ಶೇ. 85. ಉಪವಿಭಾಗಾಧಿಕಾರಿಯ ಮುಂದೆ ತೇರಿನ ಕಥೆ, ಇರಾದೆಯ ಕಥೆ ನಡೆಯುವುದಿಲ್ಲ. ಕಾಗದ ಬೇಕು, ಶಾಲೆಯ ದಾಖಲಾತಿ ಬೇಕು. ಮನಸ್ಸಿನಲ್ಲಿರುವುದನ್ನು ಕಾಗದದಲ್ಲಿ ತೋರಿಸು ಎಂದಾಗ ನಮ್ಮವರು ಕಕ್ಕಾಬಿಕ್ಕಿಯಾಗುವುದು ಸಹಜ.

ಹರಪನಹಳ್ಳಿಯವರನ್ನು ಕೇಳಿದರೆ ಈ ಪದಕ್ಕೆ ಇನ್ನೊಂದು ಅರ್ಥ ಹೇಳಿಯಾರು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಆ ತಾಲ್ಲೂಕು ಬಳ್ಳಾರಿಯಿಂದ ಅತ್ತ ಹೋಯಿತು. ಮುಂದೆ 371ಜೆ ಬಂದಾಗ ಪಕ್ಕದ ಹಡಗಲಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಒಳಗೆ, ಹರಪನಹಳ್ಳಿ ಹೊರಗೆ. ಹೋರಾಟ ನಡೆದು 2018ರಲ್ಲಿ ತಾಲ್ಲೂಕು ಬಳ್ಳಾರಿಗೆ ಮರಳಿತು, ಸವಲತ್ತೂ ಬಂತು. 2021ರಲ್ಲಿ ಎಲ್ಲರೂ ಸೇರಿ ವಿಜಯನಗರ ಜಿಲ್ಲೆಯಾದೆವು. ಇಷ್ಟರಲ್ಲಿ ಯಾರೂ ಮನೆ ಬದಲಿಸಿರಲಿಲ್ಲ, ಗೆರೆ ಮಾತ್ರ ಅವರ ತಲೆಯ ಮೇಲೆ ಅತ್ತಿತ್ತ ಓಡಾಡಿತ್ತು. ಇನ್ನು ವಿಧಿಯಲ್ಲಿರುವ ‘ಹೈದರಾಬಾದ್-ಕರ್ನಾಟಕ’ ಎಂಬ ಹೆಸರು! ಬಳ್ಳಾರಿ ಸೀಮೆ 1953ರವರೆಗೆ ಇದ್ದದ್ದು ಮದರಾಸಿನೊಳಗೆ, ನಿಜಾಮನ ಹೈದರಾಬಾದಿನಲ್ಲಲ್ಲ. ಹೆಸರು ಹಿಡಿದು ಅರ್ಥ ಮಾಡಲು ಹೊರಟರೆ ನಾವೇ ಪಟ್ಟಿಯಿಂದ ಬಿದ್ದುಹೋಗುತ್ತಿದ್ದೆವು.

ತಮಾಷೆಯೆಂದರೆ, ರಾಜ್ಯಗಳು ಈ ಪದವನ್ನು ಬಳಸುವ ರೀತಿಗೆ ಸುಪ್ರೀಂ ಕೋರ್ಟೇ ಆಕ್ಷೇಪ ಎತ್ತಿದೆ. 1984ರ ಪ್ರದೀಪ್ ಜೈನ್ ಪ್ರಕರಣದಲ್ಲಿ ಅದು ಹೇಳಿದ್ದು, ಭಾರತೀಯನಿಗೆ ಇರುವುದು ಒಂದೇ ಡೊಮಿಸೈಲ್, ಅದು ಭಾರತ. ರಾಜ್ಯಗಳು ಕಾಯಂ ವಾಸ ಎಂಬರ್ಥದಲ್ಲಿ ಈ ಪದವನ್ನು ಸಡಿಲವಾಗಿ ಬಳಸುತ್ತಿವೆ ಎಂದು. ಅಷ್ಟಾದ ಮೇಲೂ ಸಂಸತ್ತು 371ಜೆಯಲ್ಲಿ ರಾಜ್ಯದ ಒಂದು ಮೂಲೆಗೆ ಅದೇ ಪದವನ್ನು ಬರೆಯಿತು. ಹೀಗಿರುವಾಗ ಟ್ಯೂಷನ್ನಿನ ಹುಡುಗರು “ಸರ್, ಕರೆಕ್ಟ್ ಮೀನಿಂಗ್ ಹೇಳ್ರಿ” ಅಂದರೆ ಏನು ಹೇಳುವುದು? ಯಾವ ಕಾಗದದಲ್ಲಿದೆ ತೋರಿಸು, ಆಮೇಲೆ ಹೇಳುತ್ತೇನೆ ಅನ್ನುತ್ತೇನೆ. ಮತದಾರರ ಪಟ್ಟಿಯ ಕಾಯ್ದೆ ತೆಗೆದುಕೊಳ್ಳಿ, ಅದು ಕೇಳುವುದು ಡೊಮಿಸೈಲ್ ಅಲ್ಲ, ‘ಆರ್ಡಿನರಿಲಿ ರೆಸಿಡೆಂಟ್’. ಊರಲ್ಲಿ ಸ್ವಂತ ಮನೆಯಿದೆ ಎಂದ ಮಾತ್ರಕ್ಕೆ ಅಲ್ಲಿ ವಾಸವಿದ್ದಂತೆ ಆಗುವುದಿಲ್ಲ, ಕೆಲಕಾಲ ಊರು ಬಿಟ್ಟರೆ ವಾಸ ತಪ್ಪುವುದೂ ಇಲ್ಲ ಎನ್ನುತ್ತದೆ ಅದು. ಬೆಂಗಳೂರಿನವರು ಕೇಳುವ “ನಿಮ್ಮ ನೇಟಿವ್ ಯಾವುದು?” ಎಂಬುದಂತೂ ಯಾವ ಕಾಯ್ದೆಗೂ ಸಿಗದ ಪ್ರಶ್ನೆ. ಆದರೂ ನಮ್ಮಜ್ಜನಿಗೆ ತಟ್ಟನೆ ಅರ್ಥವಾಗುವುದು ಅದೊಂದೇ.

ಈಗ ಪದದ ಜೊತೆ ಸ್ವಂತ ಮನೆಯವರ ಬಗ್ಗೆ ಒಂದು ವಾಕ್ಯ ಬರೆಸುತ್ತೇನೆ. ಅಪ್ಪ ಬೆಂಗಳೂರಿನಲ್ಲಿ ರಿಸೈಡ್ ಮಾಡುತ್ತಾನೆ, ಡೊಮಿಸೈಲ್ ಕಾನಹೊಸಹಳ್ಳಿ ಎಂದು ಹುಡುಗರು ಸಲೀಸಾಗಿ ಬರೆಯುತ್ತಾರೆ. ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಮಾತ್ರ ಪೆನ್ನು ಕಚ್ಚುತ್ತ ಕೂತಳು. ಅವಳ ತಾಯಿಯ ತವರು ಪಕ್ಕದ ಮೊಳಕಾಲ್ಮೂರು, ಅಂದರೆ ಚಿತ್ರದುರ್ಗ ಜಿಲ್ಲೆ, 371ಜೆ ಹೊರಗೆ. ಅಮ್ಮನ ಡೊಮಿಸೈಲ್ ಯಾವುದು ಎಂದು ಕೇಳಿದಳು. 1925ರ ಕಾಯ್ದೆಯಲ್ಲಿದ್ದದ್ದನ್ನೇ ಹೇಳಿದೆ: ಮದುವೆಯಾದ ಹೆಣ್ಣಿಗೆ ಗಂಡನದೇ ಡೊಮಿಸೈಲ್.

“ಇರಾದಿ ಮುಖ್ಯ ಅಂದ್ರೆಲ್ಲ ಸರ್,” ಅಂದಳು. “ಅವ್ವನ್ನ ಯಾರರ ಕೇಳಿದ್ರಾ?”

ಕೇಳಿಕೊಂಡು ಬಾ, ಅದನ್ನೇ ಇಂಗ್ಲಿಷಿನಲ್ಲಿ ಬರಿ ಎಂದೆ. ಮರುದಿನ ಬರೆದು ತಂದ ವಾಕ್ಯದಲ್ಲಿ ಡೊಮಿಸೈಲ್ ಪದವೇ ಇರಲಿಲ್ಲ. ತಾಯಿ ಮೊಳಕಾಲ್ಮೂರನ್ನು ‘ನಮ್ಮೂರು’ ಅಂತಾಳೆ, ಕಾನಹೊಸಹಳ್ಳಿಯನ್ನು ‘ನಮ್ಮನಿ’ ಅಂತಾಳೆ ಎಂದಷ್ಟೇ ಇತ್ತು. ವ್ಯಾಕರಣ ಸರಿಯಿತ್ತು, ರೈಟ್ ಹಾಕಿದೆ.