ಮನೆಯಲ್ಲಿ ಕೂಸಿದೆಯೇ? ನಾಯಿಮರಿ ತರುವ ಮುನ್ನ

ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಬಿಟ್ಟದ್ದೇ ತಡ, ಯಾದಗಿರಿ, ಶಹಾಪುರ, ಸುರಪುರದ ಮನೆಗಳಲ್ಲಿ ಮಕ್ಕಳ ಹಟ ಶುರು: ‘ಯಪ್ಪಾ, ನಾಯಿಮರಿ ತರೂಣು!’ ಮರಿ ತರಲು ಇದಕ್ಕಿಂತ ಕೆಟ್ಟ ಕಾಲ ಇನ್ನೊಂದಿಲ್ಲ. ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುವ ಬಿಸಿಲು ನಮ್ಮದು. ಆಗಷ್ಟೇ ತಾಯಿಯನ್ನು ಬಿಟ್ಟು ಬಂದ ಮರಿ ಅದನ್ನು ಹೇಗೆ ತಡೆದೀತು? ಮಳೆಗಾಲ ಕಳೆಯಲಿ. ದೀಪಾವಳಿಯ ಪಟಾಕಿ ಮುಗಿದ ಮೇಲೆ ತಂದರೆ ಇನ್ನೂ ಒಳ್ಳೆಯದು.

ಮೊದಲು ಮನೆಯ ಲೆಕ್ಕ

ಐದು ವರ್ಷದ ಮಗು ನಾಯಿ ಸಾಕುವುದಿಲ್ಲ, ಸಾಕುವವರು ನೀವು. ಹತ್ತಿ ಬಿಡಿಸುವ, ಭತ್ತ ಕೊಯ್ಯುವ ಹಂಗಾಮಿನಲ್ಲಿ ಹಿರಿಯರೆಲ್ಲ ಹೊಲಕ್ಕೆ ಹೋದರೆ ಮಧ್ಯಾಹ್ನ ನೀರಿಡುವವರು ಯಾರು? ಇದಕ್ಕೆ ಒಬ್ಬರ ಹೆಸರು ಹೇಳಲಾಗದಿದ್ದರೆ ಈ ವರ್ಷ ಬಿಡಿ. ಮಗು ಇನ್ನೂ ಅಂಬೆಗಾಲಿಡುತ್ತಿದ್ದರೂ ಕಾಯುವುದೇ ಲೇಸು.

ಯಾವ ನಾಯಿ?

ಉತ್ತರ ಕರ್ನಾಟಕದವರಿಗೆ ತಟ್ಟನೆ ನೆನಪಾಗುವುದು ಮುಧೋಳ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ನಾಯಿ, 2016ರಲ್ಲಿ ತರಬೇತಿಗಾಗಿ ಮೀರತ್‌ನ ಸೇನಾ ಕೇಂದ್ರಕ್ಕೆ ಹೋದ ನಾಯಿ. ನನಗೂ ಅದರ ಮೇಲೆ ಮೋಹವಿದೆ. ಆದರೆ ಅದು ಕಣ್ಣಿನಿಂದ ಬೇಟೆಯಾಡುವ ತಳಿ. ಓಡುವುದನ್ನು ಕಂಡರೆ ಬೆನ್ನಟ್ಟುವುದು ಅದರ ರಕ್ತದಲ್ಲೇ ಇದೆ, ಮೈಮೇಲೆ ಬಿದ್ದು ತಬ್ಬಿಕೊಳ್ಳುವುದು ಅದಕ್ಕೆ ಸೇರದು. ಹೊಲದ ಮನೆಯಿದ್ದು, ಮಕ್ಕಳು ಹತ್ತು ದಾಟಿದ್ದರೆ ತನ್ನಿ. ಆಗಲೂ ಸಂತೆಯಲ್ಲಿ ಕೊಳ್ಳುವ ಬದಲು ಮುಧೋಳದ ತಿಮ್ಮಾಪುರದಲ್ಲಿರುವ, ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರದಲ್ಲಿ ಮೊದಲು ವಿಚಾರಿಸಿ.

ಲ್ಯಾಬ್ರಡಾರ್ ಸ್ವಭಾವ ಮಕ್ಕಳಿಗೆ ಒಪ್ಪುತ್ತದೆ. ಆದರೆ ವರ್ಷ ತುಂಬುವಷ್ಟರಲ್ಲಿ 25–30 ಕಿಲೋ ತೂಗುತ್ತದೆ. ಬಾಲ ಬೀಸಿದರೂ ಸಾಕು, ಮೂರು ವರ್ಷದ ಕೂಸು ನೆಲ ಕಾಣುತ್ತದೆ. ಒತ್ತು ಕೂದಲಿನ ಅದಕ್ಕೆ ಬೇಸಿಗೆಯಲ್ಲಿ ನೆರಳು, ಫ್ಯಾನು ಎರಡೂ ಬೇಕು. ಚಪ್ಪಟೆ ಮೂಗಿನ ಪಗ್ ಈ ಸೀಮೆಗೆ ಬೇಡವೇ ಬೇಡ. ನಾಯಿ ಮೈ ತಂಪಾಗಿಸಿಕೊಳ್ಳುವುದು ಮುಖ್ಯವಾಗಿ ತೇಕುವುದರಿಂದ, ಪಗ್‌ಗೆ ಉಸಿರಾಟವೇ ಕಷ್ಟ. ರಾಟ್‌ವೀಲರ್, ಪಿಟ್‌ಬುಲ್ ಸೇರಿದಂತೆ 23 ತಳಿಗಳ ಮೇಲೆ ಕೇಂದ್ರ 2024ರ ಮಾರ್ಚ್‌ನಲ್ಲಿ ಹೊರಡಿಸಿದ ನಿಷೇಧದ ಸುತ್ತೋಲೆಯನ್ನು ನಮ್ಮ ಹೈಕೋರ್ಟ್ ರದ್ದುಪಡಿಸಿದೆ, ನಿಜ. ಹಾಗೆಂದು ಕೂಸಿರುವ ಮನೆಗೆ ಅವು ಹೊಂದುವುದಿಲ್ಲ.

ನನ್ನ ಮತ ನಮ್ಮ ಊರನಾಯಿಗೆ. ಕಿರಿದಾದ ಕೂದಲು, ಮಧ್ಯಮ ಗಾತ್ರ, ಈ ಬಿಸಿಲಿನಲ್ಲೇ ಹುಟ್ಟಿದ ಮೈ. ಮಧ್ಯಾಹ್ನ ಪಡಸಾಲೆಯ ಶಹಾಬಾದ್ ಪರಸಿಯ ಮೇಲೆ ಹೊಟ್ಟೆ ಅಂಟಿಸಿ ಮಲಗಿದರೆ ಅದರ ಬೇಸಿಗೆ ಕಳೆಯುತ್ತದೆ.

ಮರಿ ಆರಿಸುವುದು

ಮರಿಗಿಂತ ಮೊದಲು ತಾಯಿಯನ್ನು ನೋಡಿ. ಮನೆಯ ಮಕ್ಕಳು ಸುತ್ತ ಓಡಾಡಿದರೂ ತಾಯಿನಾಯಿ ನಿರಾಳವಾಗಿದ್ದರೆ ಅರ್ಧ ಕೆಲಸವಾಯಿತು. ಮರಿಗೆ ಎಂಟು ವಾರ ತುಂಬಿರಲಿ. ಅದಕ್ಕೂ ಮೊದಲು ಅಗಲಿಸಿದ ಮರಿ ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆಂಬುದನ್ನು ಒಡಹುಟ್ಟಿದವುಗಳಿಂದ ಕಲಿತಿರುವುದಿಲ್ಲ.

ಆಮೇಲೆ ಒಂದು ಸಣ್ಣ ಪರೀಕ್ಷೆ. ಎರಡು ಮಾರು ದೂರದಲ್ಲಿ ಸ್ಟೀಲ್ ತಾಟನ್ನು ನೆಲಕ್ಕೆ ಬೀಳಿಸಿ. ಒಂದು ಮರಿ ಮೂಲೆಗೆ ಹೋಗಿ ನಡುಗುತ್ತದೆ. ಒಂದು ಬೊಗಳುತ್ತಾ ಎರಗುತ್ತದೆ. ಇನ್ನೊಂದು ಬೆಚ್ಚಿ ಹಿಂದೆ ಸರಿದು, ಕ್ಷಣ ಬಿಟ್ಟು ಮೂಗು ಮುಂದೆ ಮಾಡಿಕೊಂಡು ತಾಟು ಮೂಸಲು ಬರುತ್ತದೆ. ಅದನ್ನು ಎತ್ತಿಕೊಳ್ಳಿ. ಅಂಗಾಲು, ಕಿವಿ, ಬಾಲ ಮುಟ್ಟಿ ನೋಡಿ; ಸುಮ್ಮನಿದ್ದರೆ ಅದೇ ನಿಮ್ಮ ಮರಿ.

ಮಗುವಿಗೆ ಕಲಿಸುವುದು

ಉಣ್ಣುವಾಗ, ಮಲಗಿದಾಗ ಮುಟ್ಟಬಾರದು, ಮೇಲೆ ಕೂರಬಾರದು. ನಾಯಿ ಮುಖ ತಿರುಗಿಸುವುದು, ತುಟಿ ನೆಕ್ಕಿಕೊಳ್ಳುವುದು, ನಿದ್ದೆಯಿಲ್ಲದೆಯೂ ಆಕಳಿಸುವುದು, ಮೈ ಬಿಗಿಹಿಡಿದು ನಿಲ್ಲುವುದು ಎಲ್ಲವೂ ‘ಸಾಕು ಬಿಡು’ ಎನ್ನುವ ಮಾತೇ. ಗುರ್ ಎಂದದ್ದಕ್ಕೆ ಹೊಡೆಯಬೇಡಿ. ಹೊಡೆತ ತಿಂದ ನಾಯಿ ಗುರ್ ಎನ್ನುವುದನ್ನು ಬಿಟ್ಟು ನೇರವಾಗಿ ಕಚ್ಚುವುದನ್ನು ಕಲಿಯುತ್ತದೆ. ಆರು ವರ್ಷದೊಳಗಿನ ಮಗುವನ್ನು ಎಷ್ಟೇ ಸಾಧು ನಾಯಿಯ ಜೊತೆಗೂ ಒಂಟಿಯಾಗಿ ಬಿಡಬೇಡಿ.

ಸೂಜಿ, ಔಷಧ, ಊಟ

ಆರರಿಂದ ಎಂಟು ವಾರದೊಳಗೆ ಪಾರ್ವೊ, ಡಿಸ್ಟೆಂಪರ್ ಲಸಿಕೆ ಶುರುವಾಗಬೇಕು, ಮೂರು ತಿಂಗಳಿಗೆ ರೇಬೀಸ್, ಆಮೇಲೆ ಪ್ರತಿ ವರ್ಷ. ಮಣ್ಣಲ್ಲಾಡುವ ಮಕ್ಕಳಿಗೆ ಮರಿಯ ಜಂತು ದಾಟುತ್ತದೆ, ಆದ್ದರಿಂದ ಜಂತಿನ ಔಷಧ ತಪ್ಪಿಸಬೇಡಿ. ಜೋಳದ ರೊಟ್ಟಿ, ಮಜ್ಜಿಗೆ, ಬೇಯಿಸಿದ ತತ್ತಿ ನಡೆಯುತ್ತದೆ. ಉಳ್ಳಾಗಡ್ಡಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್ ಕೂಡದು.

ಇಷ್ಟಾಗಿಯೂ ಹಲ್ಲು ತಾಗಿದರೆ? ಗೀರಿದ್ದರೂ ಸರಿ, ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಖಾರಪುಡಿ ಹಚ್ಚಬೇಡಿ. ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಹೊಟ್ಟೆಗೆ 14 ಸೂಜಿ ಚುಚ್ಚುವ ಕಾಲ ಹೋಗಿದೆ. ಈಗ ಕೊಡುವುದು ನಾಲ್ಕೋ ಐದೋ ಸೂಜಿ, ಅದೂ ತೋಳಿಗೆ. ಪುಟ್ಟ ಮಕ್ಕಳಿಗೆ ತೊಡೆಗೆ. ಗಾಯ ಆಳವಾಗಿದ್ದರೆ ಗಾಯದ ಜಾಗಕ್ಕೂ ಒಂದು ಔಷಧ ಕೊಡುತ್ತಾರೆ. ನಾಯಿಗೆ ಲಸಿಕೆ ಆಗಿದೆಯೇ ಎಂದು ವೈದ್ಯರು ಕೇಳುತ್ತಾರೆ, ಆದ್ದರಿಂದ ಮರಿಯ ಲಸಿಕೆ ಕಾರ್ಡನ್ನು ಮಗುವಿನ ತಾಯಿ ಕಾರ್ಡಿನ ಜೊತೆಗೇ ಇಡಿ.