ಸಂತ ಜೋಸೆಫ್ ವಾಜರೂ ನಮ್ಮ ಕರಾವಳಿಯೂ

ಭಟ್ಕಳ, ಹೊನ್ನಾವರ, ಕುಮಟಾ ಎಂದೊಡನೆ ಚರಿತ್ರೆಯ ವಿದ್ಯಾರ್ಥಿಗಳಿಗೆ ನೆನಪಾಗುವುದು ರಾಣಿ ಚೆನ್ನಭೈರಾದೇವಿ, ಮಿರ್ಜಾನದ ಕೋಟೆ, ಮೆಣಸಿನ ವ್ಯಾಪಾರ, ಪೋರ್ಚುಗೀಸರ ಹಡಗುಗಳು. ಇವುಗಳ ಮರೆಯಲ್ಲಿ ಇಲ್ಲಿಯ ಇಗರ್ಜಿಗಳ ಚರಿತ್ರೆಯೂ ಇದೆ. ಅದರಲ್ಲಿ ನನ್ನ ಮನಸ್ಸನ್ನು ಸೆಳೆದವರು ಜೋಸೆಫ್ ವಾಜ್ ಎಂಬ ಪಾದ್ರಿ. ಎರಡು ಅಧಿಕಾರಗಳು ಜಗಳವಾಡುವಾಗ ಸಾಮಾನ್ಯ ಭಕ್ತನ ಗತಿಯೇನು ಎಂಬ ಪ್ರಶ್ನೆಗೆ ಅವರ ಬಾಳಿನಲ್ಲಿ ಒಂದು ಉತ್ತರವಿದೆಯೆಂದು ನಾನು ಭಾವಿಸುತ್ತೇನೆ.

ಮೊದಲು ಹಿನ್ನೆಲೆಯನ್ನು ನೋಡೋಣ. 1569ರಲ್ಲಿ ಹೊನ್ನಾವರದ ಕೋಟೆ ಪೋರ್ಚುಗೀಸರ ಕೈಸೇರಿತು; ಮುಂದಿನ ಶತಮಾನದ ನಡುವಿನಲ್ಲಿ ಕೆಳದಿಯ ಶಿವಪ್ಪನಾಯಕನು ಅವರನ್ನು ಅಲ್ಲಿಂದ ಹೊರದೂಡಿದನು. ಕೋಟೆ ಹೋದರೂ ಗೋವೆಯಿಂದ ಬಂದು ನೆಲೆಸಿದ ಕೊಂಕಣಿ ಮಾತಿನ ಕ್ರೈಸ್ತರು ಇಲ್ಲಿಯೇ ಉಳಿದರು. 1678ರ ಒಪ್ಪಂದದಲ್ಲಿ ಕೆಳದಿಯ ಚೆನ್ನಮ್ಮಾಜಿಯು ಮಿರ್ಜಾನ, ಚಂದಾವರ, ಭಟ್ಕಳ ಮೊದಲಾದೆಡೆ ಇಗರ್ಜಿ ಕಟ್ಟಲು ಅನುಮತಿಯಿತ್ತಳು. ಶಿವಭಕ್ತಳಾದ ರಾಣಿಯ ಈ ಔದಾರ್ಯವನ್ನು ನಾವು ಮರೆಯಬಾರದು.

ಆದರೆ ಆ ಇಗರ್ಜಿಗಳಲ್ಲಿ ಪೂಜೆ ನಡೆಸುವ ಹಕ್ಕು ಯಾರದು? ಪೂರ್ವದೇಶಗಳಿಗೆ ಪಾದ್ರಿಗಳನ್ನು ನೇಮಿಸುವುದು ತನ್ನ ಹಕ್ಕೆಂದು ಪೋರ್ಚುಗಲ್ಲಿನ ಅರಸು ಹೇಳುತ್ತಿದ್ದನು. ರೋಮ್ ನಗರವಾದರೋ 1622ರಲ್ಲಿ ಧರ್ಮಪ್ರಚಾರಕ್ಕೆಂದೇ ಒಂದು ಮಂಡಲಿಯನ್ನು ಸ್ಥಾಪಿಸಿ, ಅದರ ಮೂಲಕ ಗೋವೆಯವರೇ ಆದ ತೋಮಸ್ ದೆ ಕ್ಯಾಸ್ಟ್ರೊ ಎಂಬ ಬಿಷಪ್ಪರನ್ನು ಕೆನರಾಕ್ಕೆ ಕಳುಹಿಸಿತು. ಗೋವೆಯ ಪೀಠವು ಇದನ್ನು ಒಪ್ಪಲಿಲ್ಲ.

ಇದು ಬರಿಯ ಕಾಗದದ ಜಗಳವಾಗಿರಲಿಲ್ಲ. ಕಥೋಲಿಕ ವಿಧಿಯ ಪ್ರಕಾರ ಅಗತ್ಯಬಿದ್ದರೆ ಜ್ಞಾನಸ್ನಾನವನ್ನು ಯಾರಾದರೂ ಕೊಡಬಹುದು. ಆದರೆ ಪಾಪನಿವೇದನೆಯನ್ನು ಕೇಳಿ ಕ್ಷಮೆ ಸಾರಲು ಸಾಮಾನ್ಯವಾಗಿ ಅಧಿಕಾರ ಪಡೆದ ಪಾದ್ರಿಯೇ ಬೇಕು. ಎರಡು ಕಡೆಯವರೂ ಪರಸ್ಪರರ ಅಧಿಕಾರವನ್ನು ಅಲ್ಲಗಳೆದಾಗ, ಪಾಪನಿವೇದನೆ ಮಾಡಬಯಸುವ ಬೆಸ್ತನೊಬ್ಬನು ಯಾರ ಬಳಿಗೆ ಹೋಗಬೇಕು? ತನ್ನ ಮದುವೆ ಸಿಂಧುವೋ ಅಸಿಂಧುವೋ ಎಂದು ಹೆಣ್ಣುಮಗಳೊಬ್ಬಳು ಯಾರನ್ನು ಕೇಳಬೇಕು?

ಇಂಥ ಹೊತ್ತಿನಲ್ಲಿ, 1681ರಲ್ಲಿ, ಗೋವೆಯ ಪೀಠವು ವಾಜರನ್ನು ಕೆನರಾದ ಮುಖ್ಯ ಪಾದ್ರಿಯಾಗಿ ಕಳುಹಿಸಿತು. ಗೋವೆಯ ಬೆನಾವ್ಲಿಯಲ್ಲಿ 1651ರಲ್ಲಿ ಹುಟ್ಟಿದ ಅವರಿಗೆ ಆಗ ಮೂವತ್ತು ವರ್ಷ. ಅವರು ತಮ್ಮ ಪಕ್ಷವನ್ನು ಗೆಲ್ಲಿಸಲು ಹೊರಡಲಿಲ್ಲ. ಕ್ಯಾಸ್ಟ್ರೊ ಅವರೊಡನೆ ವಿನಯದಿಂದ ಮಾತನಾಡಿ, ರೋಮಿನ ತೀರ್ಮಾನ ಬರುವ ತನಕ ಜನರ ಸಂಸ್ಕಾರಗಳು ನಿಲ್ಲದಂತೆ ತಾತ್ಕಾಲಿಕ ಹೊಂದಾಣಿಕೆಯೊಂದನ್ನು ಮಾಡಿಕೊಂಡರು. ಪಾಳುಬಿದ್ದ ಇಗರ್ಜಿಗಳನ್ನು ಸರಿಪಡಿಸಿದರು. ಮಕ್ಕಳಿಗೆ ಶಾಲೆಗಳನ್ನು ತೆರೆದರು. ಭಕ್ತರ ಸಂಘಗಳನ್ನು ಕಟ್ಟಿದರು. ಪಾದ್ರಿಯಿಲ್ಲದ ಊರಿನಲ್ಲಿ ಪ್ರಾರ್ಥನೆಯ ದೀಪ ಆರದಿರಲು ಈ ಸಂಘಗಳೇ ಆಧಾರ.

1684ರಲ್ಲಿ ಗೋವೆಗೆ ಮರಳಿದ ವಾಜರು, 1687ರಲ್ಲಿ ಕೂಲಿಯವನ ವೇಷದಲ್ಲಿ ಸಿಂಹಳದ್ವೀಪವನ್ನು ಸೇರಿದರು. ಅಲ್ಲಿ ಡಚ್ಚರು ಕಥೋಲಿಕ ಪಾದ್ರಿಗಳನ್ನು ನಿಷೇಧಿಸಿದ್ದರು. ರಾತ್ರಿಯ ವೇಳೆ ಗುಟ್ಟಾಗಿ ಪೂಜೆ ನಡೆಯಬೇಕಾಗಿತ್ತು. ಪೂಜೆಯ ಭಾಷೆ ಲ್ಯಾಟಿನ್ನೇ ಆದರೂ ಅವರು ತಮಿಳನ್ನೂ ಸಿಂಹಳವನ್ನೂ ಕಲಿತು ಜನರ ಮಾತಿನಲ್ಲಿಯೇ ಪ್ರಾರ್ಥನೆಗಳನ್ನು ಕೊಟ್ಟರು. ಅವರ ಜೊತೆಗಾರ ಜಾಕೋಮೆ ಗೊನ್ಸಾಲ್ವಿಸರು ಇದೇ ದಾರಿಯಲ್ಲಿ ನಡೆದು ಸಿಂಹಳದ ಕ್ರೈಸ್ತ ಸಾಹಿತ್ಯಕ್ಕೆ ತಳಹದಿ ಹಾಕಿದರು. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ವಾಜರು ತೀರಿಕೊಂಡರು. 2015ರಲ್ಲಿ ಪೋಪ್ ಫ್ರಾನ್ಸಿಸರು ಅವರನ್ನು ಸಂತರೆಂದು ಸಾರಿದರು.

ದೇಶಭಾಷೆಗಳಿಗೆ ಬಲಿಪೂಜೆಯಲ್ಲಿ ಎಡೆ ದೊರೆತದ್ದು 1963ರ ವ್ಯಾಟಿಕನ್ ಮಹಾಸಭೆಯ ನಿರ್ಣಯದಿಂದ. ಇಂದು ನಮ್ಮ ಕರಾವಳಿಯ ಇಗರ್ಜಿಗಳಲ್ಲಿ ಕೊಂಕಣಿ, ಕನ್ನಡಗಳು ಕೇಳಿಬರುತ್ತವೆ. ವಿಧಿಗಳು ಇರುವುದು ಮನುಷ್ಯನಿಗಾಗಿ, ಅಧಿಕಾರಗಳ ಪ್ರತಿಷ್ಠೆಗಾಗಿ ಅಲ್ಲ ಎಂಬುದನ್ನು ವಾಜರು ವಾದಿಸಿ ಗೆಲ್ಲಲಿಲ್ಲ, ನಡೆದು ತೋರಿಸಿದರು. ಮತ ಯಾವುದೇ ಇರಲಿ, ಈ ನಡೆ ನಮಗೆಲ್ಲರಿಗೂ ಪಾಠವಾಗಬಲ್ಲದು.